ಓವರ್‌ಡ್ರೈವ್ ಪೆಡಲ್ ಹೋಲಿಸೋದು ಹೇಗೆ: ಮೊದಲು ಸದ್ದು ಸಮ ಮಾಡಿ

ಹೋದ ತಿಂಗಳು ಧಾರವಾಡದ ಸಪ್ತಾಪುರದಲ್ಲಿ, ನಮ್ಮ ಮನೆಯ ಮೇಲಿನ ಕೋಣೆಯಲ್ಲಿ, ನಾಲ್ಕು ಓವರ್‌ಡ್ರೈವ್ ಪೆಡಲ್‌ಗಳನ್ನು ಸಾಲಾಗಿ ಇಟ್ಟುಕೊಂಡು ಕೂತೆ. ಅಂದರೆ ಗಿಟಾರಿನ ಸದ್ದನ್ನು ಒಡೆದು ಒರಟು ಮಾಡುವ, ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆಗಳು. ಐಬನೇಜ್ ಟಿಎಸ್9 ಮತ್ತು ವಾಂಪ್ಲರ್ ಟಮ್ನಸ್ ನನ್ನವು. ಜೆಎಚ್‌ಎಸ್ ಮಾರ್ನಿಂಗ್ ಗ್ಲೋರಿ ಮತ್ತು ಪಾಲ್ ಕಾಕ್ರೇನ್ ಮಾಡಿದ ಹಳೆಯ ಟಿಮ್ಮಿ ಹುಬ್ಬಳ್ಳಿಯ ಗೆಳೆಯರಿಂದ ಕೇಳಿ ತಂದಿದ್ದು. ಜೊತೆಗೆ ನನ್ನ ಟೆಲಿಕಾಸ್ಟರ್, 15 ವ್ಯಾಟಿನ ವಾಲ್ವ್ ಆಂಪ್. ಮೂರು ಸಂಜೆ ಇದೇ ಕೆಲಸ.

ಇಷ್ಟು ಹಟ ಯಾಕೆ ಅಂದರೆ, ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಎರಡು ಪೆಡಲ್ ನುಡಿಸಿ ನೋಡಿ, ಜಾಸ್ತಿ ದುಡ್ಡಿನದ್ದೇ ಚೆನ್ನಾಗಿದೆ ಅಂತ ಕೊಂಡು ತಂದೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ಅಂಗಡಿಯವರು ಅದರ ವಾಲ್ಯೂಮ್ ಸ್ವಲ್ಪ ಮೇಲಿಟ್ಟಿದ್ದರು ಅಷ್ಟೇ. ಸದ್ದು ಜೋರಾದಾಗ ನಮ್ಮ ಕಿವಿಗೆ ಕೆಳಗಿನ ಸ್ವರವೂ ಮೇಲಿನ ಸ್ವರವೂ ತುಂಬಿ ಕೇಳಿಸುತ್ತವೆ. ಯಾವುದು ಜೋರೋ ಅದೇ ಚಂದ ಅನಿಸುತ್ತದೆ. ಇದು ಎಲ್ಲರ ಕಿವಿಗೂ ಆಗುವ ಮೋಸ.

ಹಾಗಾಗಿ ಮೊದಲ ಕೆಲಸ ಸದ್ದು ಸಮ ಮಾಡೋದು. ಪೆಡಲ್ ಆಫ್ ಇದ್ದಾಗ ಒಂದು ಇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ನುಡಿಸಿ. ಆನ್ ಮಾಡಿ ಅದೇ ಬಲದಲ್ಲಿ ಮತ್ತೆ ನುಡಿಸಿ. ಎರಡೂ ಒಂದೇ ಮಟ್ಟಕ್ಕೆ ಬರುವ ತನಕ ಪೆಡಲಿನ ವಾಲ್ಯೂಮ್ ತಿರುಗಿಸಿ, ಆ ಜಾಗಕ್ಕೆ ಟೇಪಿನ ಚೂರು ಅಂಟಿಸಿ. ಮೊಬೈಲಿನಲ್ಲಿ ಸೌಂಡ್ ಮೀಟರ್ ಆಪ್ ಇದ್ದರೆ ಆಂಪಿನ ಮುಂದೆ ಒಂದೇ ಕಡೆ ಇಟ್ಟು ನೋಡಿಕೊಳ್ಳಿ. ಡ್ರೈವ್ ಗುಂಡಿ (ಸದ್ದು ಎಷ್ಟು ಒಡೆಯಬೇಕು ಅಂತ ತೀರ್ಮಾನಿಸುವುದು) ಮುಟ್ಟಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಕರೆಂಟಿನ ಕಡೆಯೂ ಗಮನ ಇರಲಿ. ಈ ಪೆಡಲ್‌ಗಳಿಗೆ ಸಾಮಾನ್ಯವಾಗಿ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ನೆಗೆಟಿವ್. 18 ವೋಲ್ಟ್ ತಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ ಅಷ್ಟು ಕೊಡಿ. ಎರಡನೇ ಸಂಜೆ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಟಮ್ನಸ್ ಗುಂಯ್ ಅನ್ನೋಕೆ ಶುರು ಮಾಡಿತು. ಪೆಡಲ್ ಕೆಟ್ಟಿದೆ ಅಂತ ಎದೆ ಧಸಕ್ಕೆಂದಿತು. ಕರೆಂಟ್ ಬಂದ ಕೂಡಲೇ ಗುಂಯ್ ನಿಂತಿತು. ಇನ್ವರ್ಟರ್ ಮೇಲೆ, ಅರ್ಥಿಂಗ್ ಇಲ್ಲದ ಪ್ಲಗ್ ಮೇಲೆ, ಪೆಡಲಿನ ಗದ್ದಲ ಅಳೆಯೋಕೆ ಹೋಗಬೇಡಿ.

ಮುಂದೆ ಲೂಪರ್, ಅಂದರೆ ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಪೆಡಲ್. ಗಿಟಾರ್ ಆದ ಮೇಲೆ, ಓವರ್‌ಡ್ರೈವ್‌ಗಿಂತ ಮುಂಚೆ ಅದನ್ನು ಇಡಿ. ನಾಲ್ಕು ಸಾಲು ನುಡಿಸಿ ರೆಕಾರ್ಡ್ ಮಾಡಿ ಬಿಟ್ಟರೆ ಅದೇ ಕೈ, ಅದೇ ಮೀಟು ಪ್ರತಿ ಪೆಡಲಿಗೂ ಹೋಗುತ್ತದೆ. ನೀವು ಆರಾಮಾಗಿ ಕೂತು ಗುಂಡಿ ತಿರುಗಿಸಬಹುದು.

ಈಗ ಏನನ್ನು ಕೇಳಬೇಕು? ನನಗೆ ಇದನ್ನು ಕಲಿಸಿದ್ದು ನಮ್ಮ ಅತ್ತಿ. ಅವರು ಚಿಕ್ಕಂದಿನಿಂದ ತಂಬೂರಿ ಹಿಡಿದು ಹಾಡಿದವರು. ತಂಬೂರಿಯ ಕುದುರೆ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಇಟ್ಟು, ಕೂದಲಷ್ಟು ಹಿಂದೆ ಮುಂದೆ ಸರಿಸುತ್ತಾ ಜವಾರಿ (ತಂತಿಯ ಝೇಂಕಾರ) ಕೂಡಿಸುತ್ತಾರಲ್ಲ, ಅದನ್ನು ನೋಡುತ್ತಾ ಬೆಳೆದೆ. ದಾರ ಸರಿಯಾದ ಜಾಗಕ್ಕೆ ಬಂದಾಗ ಒಂದೇ ತಂತಿಯೊಳಗಿಂದ ಮೇಲಿನ ಸ್ವರಗಳು ಒಂದೊಂದಾಗಿ ಅರಳುತ್ತವೆ. ಓವರ್‌ಡ್ರೈವ್ ಮಾಡೋದೂ ಮೂಲದಲ್ಲಿ ಇದೇ ಕೆಲಸ. ಸದ್ದಿನ ಅಲೆಯ ತುದಿ ಕತ್ತರಿಸಿದಾಗ (ಸದ್ದು ಒಡೆಯೋದು ಅಂದರೆ ಇದೇ) ಇಲ್ಲದ ಮೇಲಿನ ಸ್ವರಗಳು ಹುಟ್ಟುತ್ತವೆ. ಎಷ್ಟು ಹುಟ್ಟುತ್ತವೆ, ಎಷ್ಟು ಒರಟಾಗಿ ಹುಟ್ಟುತ್ತವೆ ಅನ್ನೋದರಲ್ಲಿ ಪೆಡಲ್ ಪೆಡಲಿಗೆ ವ್ಯತ್ಯಾಸ.

ಅತ್ತಿ ಕೆಳಗಿನಿಂದ ಚಹಾ ತಂದರು. ನಾನು ಆಗ ಟಿಎಸ್9 ಮೇಲೆ, ಡ್ರೈವ್ ಮುಕ್ಕಾಲು ಇಟ್ಟು, ದೊಡ್ಡ ಸಿ ಕಾರ್ಡ್ ನುಡಿಸುತ್ತಿದ್ದೆ. ಬಾಗಿಲಲ್ಲೇ ನಿಂತು ಕೇಳಿದರು: "ಸಾ ಐತಿ, ಪಾ ಐತಿ. ಗಾಂಧಾರ ಎಲ್ಲಿ ಹೋತೋ ತಮ್ಮಾ?"

ನಿಜವಾಗಿಯೂ ಹೋಗಿತ್ತು. ಎರಡು ಸ್ವರ ಒಟ್ಟಿಗೆ ಓವರ್‌ಡ್ರೈವ್ ಒಳಗೆ ಹೋದಾಗ ಅವುಗಳ ಅಂತರದಿಂದ ಬೇರೆ ಸ್ವರಗಳೂ ಹುಟ್ಟುತ್ತವೆ. ಸಾ ಮತ್ತು ಪಾ ನಡುವೆ ಹುಟ್ಟಿದ್ದು ಅವೆರಡಕ್ಕೂ ಹೊಂದಿಕೊಳ್ಳುತ್ತದೆ. ಗಿಟಾರಿನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಮೇಲಿರುತ್ತದೆ. ಹಾಗಾಗಿ ಅಲ್ಲಿ ಹುಟ್ಟಿದ್ದು ಹೊಂದದೆ ಕೆಸರಾಗುತ್ತದೆ. ಅವತ್ತಿನಿಂದ ನನ್ನ ಮುಖ್ಯ ಪರೀಕ್ಷೆ ಇದು: ಮೊದಲು ಎರಡೇ ತಂತಿಯಲ್ಲಿ ಸಾ-ಪಾ ನುಡಿಸಿ, ಆಮೇಲೆ ಸಾ-ಗಾ, ಆಮೇಲೆ ಇಡೀ ಕಾರ್ಡ್. ಡ್ರೈವನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ ಗಾಂಧಾರ ಎಲ್ಲಿ ಕಳೆದುಹೋಗುತ್ತದೆ ಅಂತ ಗುರುತು ಹಾಕಿ. ಕಾರ್ಡ್ ಹಿಡಿದು ಹಾಡುವವರ ಜೊತೆ ನುಡಿಸುವವರಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಸಿಕ್ಕಿಲ್ಲ.

ಮಾರ್ನಿಂಗ್ ಗ್ಲೋರಿಯಲ್ಲಿ ಗಾಂಧಾರ ಬಹಳ ಹೊತ್ತು ಉಳಿಯಿತು. ಇದು ಮಾರ್ಷಲ್ ಕಂಪನಿಯ ಹಳೆಯ ಬ್ಲೂಸ್‌ಬ್ರೇಕರ್ ಪೆಡಲಿನ ವಂಶ. ಅನಲಾಗ್ ಮ್ಯಾನ್ ಅವರ ಕಿಂಗ್ ಆಫ್ ಟೋನ್ ಕೂಡ ಅದೇ ವಂಶದ್ದು, ಅದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಇವುಗಳ ಡ್ರೈವ್ ಕಡಿಮೆ, ಒಡೆಯುವುದು ಮೆತ್ತಗೆ. ಬೆರಳಿನ ಭಾರ ಹೆಚ್ಚು ಕಡಿಮೆ ಮಾಡಿದರೆ ಸದ್ದು ಹಾಗೇ ಮಾತು ಕೇಳುತ್ತದೆ.

ನನ್ನ ಟಿಎಸ್9 ಸೇರಿದ ಟ್ಯೂಬ್ ಸ್ಕ್ರೀಮರ್ ವಂಶ ಬೇರೆ ಜಾತಿ. ಅದರಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗೆ ಹೋದಷ್ಟೂ ಸ್ವರ ಕಡಿಮೆ ಒಡೆಯುತ್ತದೆ. ಒಡೆದ ಮೇಲೆ ಮೇಲಿನದ್ದನ್ನೂ ಸೋಸುತ್ತದೆ. ಉಳಿಯುವುದು ನಡುವಿನ ಉಬ್ಬು. ಹಳೆಯ ಟಿಎಸ್808 ಬೇಕೇ ಬೇಕು ಅಂತ ಹುಡುಕುವವರಿಗೆ ಒಂದು ಮಾತು: ಅದಕ್ಕೂ ಟಿಎಸ್9ಗೂ ಸರ್ಕ್ಯೂಟಿನಲ್ಲಿ ಇರುವ ವ್ಯತ್ಯಾಸ ಮುಖ್ಯವಾಗಿ ಹೊರಹೋಗುವ ಕಡೆಯ ಎರಡು ರೆಸಿಸ್ಟರ್.

ಟಮ್ನಸ್ ಕ್ಲಾನ್ ಸೆಂಟಾರ್ ದಾರಿಯದ್ದು. ಬಿಲ್ ಫಿನ್ನೆಗನ್ 1994ರಿಂದ ಮಾಡಿದ ಆ ಪೆಡಲ್ ಈಗ ಸೆಕೆಂಡ್ ಹ್ಯಾಂಡಿನಲ್ಲಿ ಸಾವಿರಾರು ಡಾಲರಿಗೆ ಹೋಗುತ್ತದೆ. ಅದರ ಗುಟ್ಟು ಗೇನ್ (ಅಂದರೆ ಡ್ರೈವ್) ಗುಂಡಿಯಲ್ಲಿದೆ. ಒಡೆದ ಸದ್ದಿನ ಜೊತೆ ಒಡೆಯದ ಸದ್ದನ್ನೂ ಬೆರೆಸುತ್ತದೆ, ಗುಂಡಿ ತಿರುಗಿಸಿದಂತೆ ಬೆರಕೆ ಬದಲಾಗುತ್ತದೆ. ಒಳಗೆ ವೋಲ್ಟೇಜ್ ಹೆಚ್ಚಿಸಿಕೊಳ್ಳುವುದರಿಂದ ಸ್ವರಕ್ಕೆ ಜಾಗ ಜಾಸ್ತಿ. ಡ್ರೈವ್ ಪೂರ್ತಿ ಕಡಿಮೆ ಮಾಡಿ, ವಾಲ್ಯೂಮ್ ಏರಿಸಿ ಆಂಪನ್ನು ತಳ್ಳೋಕೆ ಇಂಥದ್ದು ಬಹಳ ಚಲೋ.

ಟಿಮ್ಮಿಯಲ್ಲಿ ನನಗೆ ಇಷ್ಟವಾದದ್ದು ಬೇಸ್ ಗುಂಡಿ. ಅದು ಒಡೆಯುವ ಮುಂಚೆಯೇ ಬೇಸ್ ಕತ್ತರಿಸುತ್ತದೆ, ಟ್ರೆಬಲ್ ಗುಂಡಿ ಒಡೆದ ಮೇಲೆ. ಹಳೆಯದರಲ್ಲಿ ಎರಡನ್ನೂ ಬಲಕ್ಕೆ ತಿರುಗಿಸಿದಷ್ಟೂ ಕಡಿಮೆಯಾಗುತ್ತದೆ, ಮೊದಲ ಅರ್ಧ ಗಂಟೆ ನಾನು ಉಲ್ಟಾ ತಿರುಗಿಸುತ್ತಲೇ ಇದ್ದೆ. ಹಂಬಕರ್ (ಎರಡು ಸುರುಳಿಯ, ದಪ್ಪ ಸದ್ದಿನ ಪಿಕಪ್) ಗಿಟಾರ್ ಇದ್ದವರಿಗೆ ಆ ಬೇಸ್ ಗುಂಡಿ ಒಂದೇ ಸಾಕು, ಕೊಟ್ಟ ದುಡ್ಡು ವಸೂಲಿ.

ಲೂಪರ್ ತೆಗೆದು ಇನ್ನೊಂದು ಪರೀಕ್ಷೆ ಮಾಡಿ. ಗಿಟಾರಿನ ವಾಲ್ಯೂಮನ್ನು 10ರಿಂದ 6ಕ್ಕೆ ಇಳಿಸಿ. ಸದ್ದು ತಿಳಿಯಾಗಬೇಕು, ಸಾಯಬಾರದು. ಮಾರ್ನಿಂಗ್ ಗ್ಲೋರಿ ಮತ್ತು ಟಿಮ್ಮಿ ಗೆದ್ದವು.

ಮನೆಯಲ್ಲಿ ಇಷ್ಟೆಲ್ಲ ಮಾಡಿ, ಟಿಎಸ್9 ಮಾರಿಬಿಡೋಣ ಅಂತ ನಿರ್ಧಾರ ಮಾಡಿದ್ದೆ. ಭಾನುವಾರ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ನಮ್ಮ ಬ್ಯಾಂಡಿನ ಪ್ರಾಕ್ಟೀಸ್. ಡ್ರಮ್ಸ್, ಬೇಸ್, ಕೀಬೋರ್ಡ್ ಎಲ್ಲ ಒಟ್ಟಿಗೆ. ಸೋಲೊ ಬಂದಾಗ ಮಾರ್ನಿಂಗ್ ಗ್ಲೋರಿ ಒತ್ತಿದೆ. ನನ್ನ ಗಿಟಾರ್ ನನಗೇ ಕೇಳಿಸಲಿಲ್ಲ. ಮನೆಯಲ್ಲಿ ಅಷ್ಟು ತುಂಬಿದ್ದ ಸದ್ದನ್ನು ಬೇಸ್ ಮತ್ತು ಸಿಂಬಲ್ ಎರಡೂ ಕಡೆಯಿಂದ ನುಂಗಿದ್ದವು. ಟಿಎಸ್9 ಒತ್ತಿದೆ. ಮನೆಯಲ್ಲಿ ಮೂಗಿನಲ್ಲಿ ಮಾತಾಡಿದಂತೆ ಕೇಳಿದ್ದ ಅದೇ ನಡುವಿನ ಉಬ್ಬು, ಇಲ್ಲಿ ಎಲ್ಲರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂತು. ಡ್ರಮ್ಸ್ ಹುಡುಗ ಕೋಲು ಎತ್ತಿ ತಲೆ ಆಡಿಸಿದ.

ಅದಕ್ಕೇ ಹೇಳೋದು, ಕೊಳ್ಳೋ ಮುಂಚೆ ಪೆಡಲನ್ನು ಒಂದು ದಿನಕ್ಕಾದರೂ ಎರವಲು ತಂದು ಬ್ಯಾಂಡಿನ ಜೊತೆ ನುಡಿಸಿ. ಒಬ್ಬರೇ ನುಡಿಸುವವರಾದರೆ ಮನೆಯ ತೀರ್ಪೇ ಸಾಕು.

ಟಿಮ್ಮಿಯನ್ನು ವಾಪಸ್ ಕೊಟ್ಟೆ. ಮಾರ್ನಿಂಗ್ ಗ್ಲೋರಿಯನ್ನು ಗೆಳೆಯನಿಗೆ ದುಡ್ಡು ಕೊಟ್ಟು ನಾನೇ ಇಟ್ಟುಕೊಂಡೆ. ಈಗ ಅದು ಯಾವಾಗಲೂ ಆನ್, ಡ್ರೈವ್ ಗಡಿಯಾರದ 10 ಗಂಟೆ ಇದ್ದ ಹಾಗೆ. ಅದರ ಮುಂಚೆ ಟಿಎಸ್9, ಡ್ರೈವ್ 8 ಗಂಟೆಗೆ, ಲೆವೆಲ್ (ಅದರ ವಾಲ್ಯೂಮ್) 2 ಗಂಟೆಗೆ, ಸೋಲೊ ಬಂದಾಗ ಮಾತ್ರ. ಎರಡರ ಮೇಲೂ ಟೇಪಿನ ಗುರುತು ಇನ್ನೂ ಇದೆ.