ಟಿ-5 ಗೇರ್‌ಬಾಕ್ಸಿನ ಮಸ್ಟಾಂಗ್: ಆಡುತ್ತಿರುವ ಶಾರ್ಟ್ ಶಿಫ್ಟರ್ ಬಿಗಿ ಮಾಡುವ ಬಗೆ

ಕಂಪನಿಯ ಶಿಫ್ಟರ್ (ಗೇರ್ ರಾಡ್ ಕೂರುವ ಜೋಡಣೆ) ತೆಗೆದು, ರಾಡ್ ಕಡಿಮೆ ದೂರ ಸರಿದರೂ ಗೇರ್ ಬೀಳುವ ಶಾರ್ಟ್ ಶಿಫ್ಟರ್ ಹಾಕಿದ ಫಾಕ್ಸ್ ಬಾಡಿ (1979-93ರ) ಫೋರ್ಡ್ ಮಸ್ಟಾಂಗ್‌ಗಳಲ್ಲಿ ಒಂದಲ್ಲ ಒಂದು ದಿನ ಗೇರ್ ರಾಡ್ ಆಡತೊಡಗುತ್ತದೆ. ಗುಬುಟು (ರಾಡಿನ ತುದಿಯ ಹಿಡಿ) ಸಡಿಲಾದರೂ, ಕೆಳಗಿನ ಪ್ಲಾಸ್ಟಿಕ್ ಕಪ್ ಸವೆದರೂ, ಗೇರ್‌ಬಾಕ್ಸಿನ ರಬ್ಬರ್ ಮೌಂಟ್ ಹರಿದರೂ ಕೈಗೆ ತಿಳಿಯುವುದು ಹೆಚ್ಚುಕಮ್ಮಿ ಒಂದೇ ಥರ. ಅದಕ್ಕೇ ಸಿಕ್ಕಿದ ಬೋಲ್ಟನ್ನೆಲ್ಲ ಬಿಗಿದು, ವಾರ ಬಿಟ್ಟು ಮತ್ತೆ ಬಿಗಿಯುವ ಕೆಲಸ ಇಲ್ಲಿ ತುಂಬ ನಡೆಯುತ್ತದೆ. ಯಾವ ಜಾಗ ಆಡುತ್ತಿದೆ ಎಂದು ಹುಡುಕಲು ಅರ್ಧ ಗಂಟೆ ಕೊಟ್ಟರೆ ಸಾಮಾನಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ಇಲ್ಲಿ ಹೇಳುವುದು 5.0 ಲೀಟರ್ ವಿ8 ಗಾಡಿಗಳಲ್ಲಿ 1983ರಿಂದ ಬಂದ ಟಿ-5 ಐದು ಗೇರಿನ ಬಾಕ್ಸಿಗೆ. ಭಾರತದಲ್ಲಿ 2016ರಲ್ಲಿ ಮಾರಾಟಕ್ಕೆ ಬಂದ ಮಸ್ಟಾಂಗ್ ಆಟೋಮ್ಯಾಟಿಕ್ ಆದ್ದರಿಂದ ಈ ತಲೆನೋವು ಮುಖ್ಯವಾಗಿ ಅಮೆರಿಕದಲ್ಲಿ ಹಳೆ ಗಾಡಿ ಇಟ್ಟುಕೊಂಡಿರುವ ನಮ್ಮವರದ್ದು.

ಎಲ್ಲಿ ಆಡುತ್ತಿದೆ?

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಒಂದು ಚಕ್ರದ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ. ಕೊನೆಯ ಅಡ್ಜಸ್ಟ್‌ಮೆಂಟ್ ತನಕ ಗೇರ್ ನ್ಯೂಟ್ರಲ್‌ನಲ್ಲೇ ಇರುತ್ತದೆ, ಹಾಗಾಗಿ ಗಾಡಿ ಉರುಳದಂತೆ ತಡೆಯುವುದು ಇಷ್ಟೇ. ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಹೋಗುತ್ತದೆ, ತಣ್ಣಗಾಗಲು ಬಿಡಿ.

ಗುಬುಟು ತಿರುಗಿಸಿ ತೆಗೆಯಿರಿ. ಕನ್ಸೋಲಿನ ಬೂಟ್ (ರಾಡಿನ ಬುಡ ಮುಚ್ಚುವ ಹೊದಿಕೆ) ಬಿಚ್ಚಿ, ಅದರಡಿ ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿರುವ ರಬ್ಬರ್ ಬೂಟನ್ನೂ ಮೇಲೆತ್ತಿ. ಗುಬುಟನ್ನು ಮತ್ತೆ ತಾತ್ಕಾಲಿಕವಾಗಿ ಹಾಕಿ ಒಬ್ಬರು ರಾಡ್ ಅಲ್ಲಾಡಿಸಲಿ, ಇನ್ನೊಬ್ಬರು ಒಂದೊಂದು ಜೋಡಣೆಯ ಮೇಲೂ ಬೆರಳಿಡಲಿ. ಎರಡೂ ಭಾಗಕ್ಕೆ ತಾಗುವಂತೆ ಬೆರಳು ಅಡ್ಡ ಇಡಬೇಕು. ಒಂದು ಕದಲಿ ಇನ್ನೊಂದು ಕದಲದಿದ್ದರೆ ಚರ್ಮಕ್ಕೆ ತಕ್ಷಣ ಗೊತ್ತಾಗುತ್ತದೆ, ಕಣ್ಣಿಗೆ ಕಾಣದಿದ್ದರೂ.

ಮೇಲಿಂದ ಕೆಳಕ್ಕೆ ಹೋಗಿ: ಗುಬುಟು ಮತ್ತು ರಾಡ್; ರಾಡ್ ಮತ್ತು ಶಿಫ್ಟರಿನ ಮೋಟು ಕಡ್ಡಿ; ಮೋಟು ಕಡ್ಡಿಯ ಪಿವಟ್ (ಅದು ತಿರುಗುವ ಆಧಾರ); ಶಿಫ್ಟರ್ ಬುಡದ ಪ್ಲೇಟ್ ಮತ್ತು ಗೇರ್‌ಬಾಕ್ಸ್. ಇವೆಲ್ಲ ಗಟ್ಟಿ ಇದ್ದೂ ಗುಬುಟು ಆಡಿದರೆ ತಪ್ಪು ಪ್ಲೇಟಿನ ಕೆಳಗಿದೆ. ನಿಂತಾಗ ಗಟ್ಟಿ, ಆಕ್ಸಲರೇಟರ್ ಒತ್ತಿ ಬಿಟ್ಟಾಗ ಮಾತ್ರ ರಾಡ್ ಮುಂದೆ ಹಿಂದೆ ಹೋಗುತ್ತದೆ ಅಂದರೆ ಶಿಫ್ಟರ್ ಮುಟ್ಟಬೇಡಿ, ಗೇರ್‌ಬಾಕ್ಸ್ ಮೌಂಟ್ ಮತ್ತು ಎಂಜಿನ್ ಮೌಂಟ್ ನೋಡಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಬಾಕ್ಸಿನ ಹಿಂಬದಿಯನ್ನು ಸನ್ನೆ ಕೋಲಿನಿಂದ ಮೆಲ್ಲಗೆ ಎತ್ತಿದರೆ ಹರಿದ ರಬ್ಬರ್ ಬಾಯಿ ತೆರೆಯುತ್ತದೆ.

ಗೇರಿನಲ್ಲಿದ್ದಾಗಲೂ ಸ್ವಲ್ಪ ಆಟ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪಿವಟ್‌ನಿಂದ ಮೇಲೆ 250 ಮಿಮೀ, ಕೆಳಗೆ 50 ಮಿಮೀ ಇರುವ ರಾಡಿನಲ್ಲಿ ಕಪ್ಪಿನ ಹತ್ತಿರ ಅರ್ಧ ಮಿಮೀ ಸಂದಿದ್ದರೆ ಗುಬುಟಿನಲ್ಲಿ ಅದು ಎರಡೂವರೆ ಮಿಮೀ ಆಗುತ್ತದೆ.

ರಾಡ್ ಮತ್ತು ಮೋಟು ಕಡ್ಡಿ ಸೇರುವ ಜಾಗ

ಹೆಚ್ಚಾಗಿ ಸಡಿಲಾಗುವುದು ಇಲ್ಲೇ. ಕಂಪನಿಯ ಶಿಫ್ಟರಿನಲ್ಲಿ ನಡುವೆ ರಬ್ಬರ್ ಇದ್ದು ಗೇರ್‌ಬಾಕ್ಸಿನ ನಡುಕವನ್ನು ಅದು ನುಂಗುತ್ತಿತ್ತು. ಶಾರ್ಟ್ ಶಿಫ್ಟರಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ. ಅಷ್ಟೂ ನಡುಕ ಎರಡು ಬೋಲ್ಟ್‌ಗಳ ಮೇಲೆ ಬೀಳುತ್ತದೆ. ರಾಡಿನ ಮೇಲೆ ಪೌಡರ್ ಕೋಟಿಂಗ್ ಅಥವಾ ಪೇಂಟ್ ದಪ್ಪಗಿದ್ದರೆ ಬೋಲ್ಟಿನಡಿ ಆ ಪದರ ಒತ್ತಿ ತೆಳ್ಳಗಾಗುತ್ತದೆ. ಬೋಲ್ಟ್ ಒಂದಿಷ್ಟೂ ತಿರುಗಿರುವುದಿಲ್ಲ, ಆದರೂ ಹಿಡಿತ ಹೋಗಿರುತ್ತದೆ.

ಬೋಲ್ಟ್ ಎರಡನ್ನೂ ಪೂರ್ತಿ ಬಿಚ್ಚಿ. ರಾಡಿನ ತೂತು ಮೊಟ್ಟೆಯ ಆಕಾರಕ್ಕೆ ಎಳೆದಿದ್ದರೆ ಎಷ್ಟು ಬಿಗಿದರೂ ನಿಲ್ಲದು, ರಾಡ್ ಬದಲಿಸಬೇಕು. ತೂತು ಚೆನ್ನಾಗಿದ್ದರೆ ಎರಡು ಮುಖಗಳು ಕೂರುವ ಕಡೆ ಪೇಂಟ್ ಕೆರೆದು ಲೋಹ ಕಾಣಿಸಿ. ಬೋಲ್ಟ್ ಮತ್ತು ಥ್ರೆಡ್ಡನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು ಒಣಗಿಸಿ, ನೀಲಿ ಬಣ್ಣದ ಮಧ್ಯಮ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಒಂದೆರಡು ಹನಿ ಹಾಕಿ. ಎಣ್ಣೆ ಜಿಡ್ಡಿನ ಮೇಲೆ ಹಾಕಿದ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ. ಕೆಂಪು ಬಣ್ಣದ್ದು ಬೇಡ, ಮುಂದೆ ಬಿಚ್ಚಲು ಬೆಂಕಿ ತೋರಿಸಬೇಕಾಗುತ್ತದೆ. ಎರಡೂ ಬೋಲ್ಟನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಬಿಗಿಯಿರಿ.

ಪಾನಾ ಹಾಕುವ ಮುಂಚೆ ಅಳತೆ ನೋಡಿ. ಅಮೆರಿಕದ ಕಿಟ್‌ಗಳಲ್ಲಿ ರಾಡಿನ ಬೋಲ್ಟ್ ಇಂಚಿನದ್ದಾಗಿದ್ದು ಬುಡದ ಬೋಲ್ಟ್ ಮೆಟ್ರಿಕ್ ಆಗಿರುವುದುಂಟು. ಅರ್ಧ ಇಂಚು ಅಂದರೆ 12.7 ಮಿಮೀ, ಅದಕ್ಕೆ 13ರ ಪಾನಾ ಕೂತಂತೆ ಕಾಣುತ್ತದೆ, ಜೋರು ಹಾಕಿದಾಗ ಜಾರಿ ಬೋಲ್ಟಿನ ತಲೆ ಗುಂಡಾಗುತ್ತದೆ.

ಬುಡದ ನಾಲ್ಕು ಬೋಲ್ಟ್

ಶಿಫ್ಟರ್ ಕೂರುವುದು ಟಿ-5ರ ಹಿಂಭಾಗದ ಅಲ್ಯೂಮಿನಿಯಂ ಹೌಸಿಂಗ್ ಮೇಲೆ, ನಾಲ್ಕು ಎಂ8 (8 ಮಿಮೀ ದಪ್ಪದ) ಬೋಲ್ಟ್‌ನಲ್ಲಿ, ಥ್ರೆಡ್ 1.25 ಮಿಮೀ ಪಿಚ್ (ಒಂದು ಸುತ್ತಿಗೂ ಇನ್ನೊಂದಕ್ಕೂ ಇರುವ ಅಂತರ). ಕಳೆದ ಬೋಲ್ಟಿನ ಬದಲು 5/16 ಇಂಚಿನದು ಹಾಕುವವರಿದ್ದಾರೆ. ದಪ್ಪದಲ್ಲಿ ಎರಡಕ್ಕೂ ವ್ಯತ್ಯಾಸ ಕೂದಲೆಳೆಯಷ್ಟು (7.94 ಮಿಮೀ), ಆದರೆ ಅದರ ಪಿಚ್ 1.41 ಮಿಮೀ. ಮೊದಲೆರಡು ಸುತ್ತು ಹಿಡಿದು ಆಮೇಲೆ ಅಲ್ಯೂಮಿನಿಯಮ್ಮನ್ನೇ ಕಿತ್ತುಕೊಂಡು ಹೋಗುತ್ತದೆ.

ಉದ್ದವೂ ಅಷ್ಟೇ ಮುಖ್ಯ. ಹೊಸ ಶಿಫ್ಟರಿನ ಪ್ಲೇಟ್ ತೆಳ್ಳಗಿದ್ದು ಹಳೆಯ ಉದ್ದದ ಬೋಲ್ಟ್ ಹಾಕಿದರೆ ಅದು ತೂತಿನ ತಳಕ್ಕೆ ಮುಟ್ಟಿ ನಿಲ್ಲುತ್ತದೆ. ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ಪ್ಲೇಟ್ ಮಾತ್ರ ಆಡುತ್ತಲೇ ಇರುತ್ತದೆ. ಪ್ಲೇಟ್ ಇಲ್ಲದೆ ಬೋಲ್ಟನ್ನು ಕೈಯಲ್ಲೇ ತಳದವರೆಗೆ ತಿರುಗಿಸಿ, ಹೊರಗುಳಿದ ಉದ್ದ ಅಳೆಯಿರಿ. ಅದು ಪ್ಲೇಟ್ ಮತ್ತು ವಾಷರ್ ದಪ್ಪಕ್ಕಿಂತ ಒಂದೆರಡು ಮಿಮೀಯಾದರೂ ಕಡಿಮೆ ಇರಬೇಕು. ಗಿಡ್ಡ ಬೋಲ್ಟೂ ಆಗದು. ಅಲ್ಯೂಮಿನಿಯಮ್ಮಿನಲ್ಲಿ ಕನಿಷ್ಠ 12 ಮಿಮೀ ಥ್ರೆಡ್ ಹಿಡಿದಿರಲಿ.

ಶಿಫ್ಟರ್ ಎತ್ತುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಣ್ಣೆ ಇಳಿಸಬೇಕಾಗಿಲ್ಲ, ಬಾಯಿ ಮೇಲ್ಗಡೆ ಇದೆ. ಆದರೆ ಆ ಬಾಯಿ ನೇರ ಗೇರ್‌ಬಾಕ್ಸಿನ ಒಳಕ್ಕೆ ಹೋಗುತ್ತದೆ. ಮೊದಲು ಸುತ್ತಲಿನ ಕಸ ಗುಡಿಸಿ, ಎತ್ತಿದ ಕೂಡಲೇ ನಾರು ಬಿಡದ ಬಟ್ಟೆಯಿಂದ ಮುಚ್ಚಿ, ಆಮೇಲೆ ಸಂದು ಮುಚ್ಚಲು ಹಾಕಿದ್ದ ಹಳೆ ಸಿಲಿಕಾನ್ ಕೆರೆಯಿರಿ. ಹಳೆ ಸಿಲಿಕಾನ್ ಪೂರ್ತಿ ಹೋಗಬೇಕು. ಉಳಿದ ಒಂದು ಗಂಟಿನ ಮೇಲೆ ಪ್ಲೇಟ್ ಕೂತರೆ ಒಂದು ಕಾಲು ಗಿಡ್ಡಾದ ಸ್ಟೂಲಿನಂತೆ ಒಂದು ಮೂಲೆ ಎದ್ದಿರುತ್ತದೆ. ಹೊಸ ಆರ್‌ಟಿವಿ ಸಿಲಿಕಾನನ್ನು 2 ಮಿಮೀ ಗೆರೆಯಷ್ಟೇ ಎಳೆಯಿರಿ, ತೂತುಗಳ ಸುತ್ತ ಸುತ್ತಿಸಿ. ಹೆಚ್ಚಾದದ್ದು ಒಳಗೆ ಉದುರಿ ಎಣ್ಣೆಯಲ್ಲಿ ತೇಲುತ್ತದೆ.

ಕಿಟ್ ಜೊತೆ ಬಂದ ಹಾಳೆಯಲ್ಲಿ ಟಾರ್ಕ್ ಹೇಳಿದ್ದರೆ ಅದೇ ಹಾಕಿ. ಹಾಳೆ ಇಲ್ಲದಿದ್ದರೆ 25 ನ್ಯೂಟನ್ ಮೀಟರ್ ಆಸುಪಾಸಿಗೆ ನಿಲ್ಲಿಸಿ, ಎದುರುಬದುರು ಮೂಲೆಯ ಕ್ರಮದಲ್ಲಿ. ಥ್ರೆಡ್ ಆಗಲೇ ಸ್ಲಿಪ್ ಆಗಿದ್ದರೆ ಎಂ8 ಹೆಲಿಕಾಯಿಲ್ (ತೂತಿಗೆ ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಬಹುದು. ಡ್ರಿಲ್ ಬಿಟ್ಟಿಗೂ ಟ್ಯಾಪಿಗೂ ಗ್ರೀಸ್ ಬಳಿದರೆ ಚೂರು ಅದಕ್ಕೇ ಅಂಟಿ ಬರುತ್ತದೆ.

ಕೆಳಗಿನ ಕಪ್ ಮತ್ತು ಅದರ ಕೆಳಗೆ

ಎತ್ತಿದ ಶಿಫ್ಟರಿನ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕಪ್ ಇರುತ್ತದೆ. ಬೆಲೆಯಲ್ಲಿ ಜುಜುಬಿ. ಸೀಳು ಬಿಟ್ಟಿದ್ದರೆ ಅಥವಾ ಬೆರಳಲ್ಲಿ ತಿರುಗಿಸಿದಾಗ ಗುಂಡಿನ ಮೇಲೆ ಲೊಳ ಲೊಳ ಅಂದರೆ ಹೊಸದು ಹಾಕಿ. ಹಿತ್ತಾಳೆಯ ಕಪ್ಪೂ ಸಿಗುತ್ತದೆ. ಬಿಗಿ ಇರುತ್ತದೆ, ಜೊತೆಗೆ ಗೇರ್‌ಬಾಕ್ಸಿನ ಸದ್ದು ಕ್ಯಾಬಿನ್ನಿಗೆ ಬರುತ್ತದೆ. ದಿನಾ ಓಡಿಸುವ ಗಾಡಿಗೆ ಪ್ಲಾಸ್ಟಿಕ್ಕೇ ವಾಸಿ. ಕಪ್ಪಿನ ಹತ್ತಿರ ಥ್ರೆಡ್‌ಲಾಕರ್ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಅದಕ್ಕೆ ಬಿರಿಯುತ್ತವೆ.

ಈಗ ಬಾಕ್ಸಿನೊಳಗೆ ಕಪ್ ಕೂರುವ ಆಫ್‌ಸೆಟ್ ಲಿವರನ್ನು ಬೆರಳಿನಿಂದ ಅಲ್ಲಾಡಿಸಿ. ಅದನ್ನು ಶಿಫ್ಟ್ ರೈಲಿಗೆ (ಗೇರ್ ಬದಲಿಸಲು ಸರಿಯುವ ಒಳಗಿನ ಸರಳು) ಹಿಡಿದಿರುವುದು ಒಂದು ರೋಲ್ ಪಿನ್, ಅಂದರೆ ಸಣ್ಣ ಟೊಳ್ಳು ಪಿನ್. ರೈಲ್ ಕದಲದೆ ಲಿವರ್ ಮಾತ್ರ ಆಡಿದರೆ ಪಿನ್ ಅಥವಾ ಅದರ ತೂತು ಸವೆದಿದೆ. ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಇಳಿಸಿ ಹಿಂದಿನ ಹೌಸಿಂಗ್ ಬಿಚ್ಚಬೇಕು, ಲಿವರಿನಡಿಯ ಸ್ಪ್ರಿಂಗ್ ಮತ್ತು ಗುಂಡು ಹಾರಿ ಬೀಳದಂತೆ ಹಿಡಿಯಬೇಕು. ಟಿ-5 ಬಿಚ್ಚಿ ಗೊತ್ತಿರುವವರ ಕೈಗೆ ಕೊಡಿ.

ನ್ಯೂಟ್ರಲ್‌ನಲ್ಲಿ ರಾಡ್ ತಾನಾಗಿ 3-4ರ ಗೆರೆಗೆ ಬರದೆ ಎಲ್ಲೆಂದರಲ್ಲಿ ವಾಲಿದರೆ ಶಿಫ್ಟರಿನ ಬುಡದಲ್ಲಿರುವ ಸ್ಪ್ರಿಂಗ್ ಮುರಿದಿದೆ ಅಥವಾ ಜಾಗ ಬಿಟ್ಟಿದೆ. ಅದು ಬೋಲ್ಟ್ ಬಿಗಿದು ಹೋಗುವ ಲೂಸ್ ಅಲ್ಲ.

ಸ್ಟಾಪ್ ಬೋಲ್ಟ್ ಮರೆಯಬೇಡಿ

ಶಿಫ್ಟರ್ ಬಿಚ್ಚಿ ಕೂರಿಸಿದ ಮೇಲೆ, ಸ್ಟಾಪ್ ಬೋಲ್ಟ್ (ರಾಡ್ ಮಿತಿಗಿಂತ ಮುಂದೆ ಹಿಂದೆ ಹೋಗದಂತೆ ತಡೆಯುವ ಬೋಲ್ಟ್) ಇರುವ ಮಾದರಿಯಾದರೆ ಮತ್ತೆ ಅಡ್ಜಸ್ಟ್ ಮಾಡಲೇಬೇಕು. ಎರಡನ್ನೂ ಹಿಂದಕ್ಕೆ ತಿರುಗಿಸಿ ಬಿಡಿ. ಕ್ಲಚ್ ಒತ್ತಿ 3ನೇ ಗೇರ್ ಹಾಕಿ. ಬೀಳದಿದ್ದರೆ ಗಾಡಿಯನ್ನು ಬೆರಳಗಲ ಕದಲಿಸಿ ನೋಡಿ. ರಾಡನ್ನು ಮುಂದಕ್ಕೆ ಹಗುರಾಗಿ ಒತ್ತಿ ಹಿಡಿದು ಮುಂದಿನ ಬೋಲ್ಟನ್ನು ರಾಡಿಗೆ ಮುಟ್ಟುವ ತನಕ ತಿರುಗಿಸಿ, ಒಂದು ಕೂದಲಷ್ಟು ಹಿಂದೆ ಬಿಟ್ಟು ಲಾಕ್ ನಟ್ ಬಿಗಿಯಿರಿ. 4ನೇ ಗೇರಿನಲ್ಲಿ ಹಿಂದಿನದ್ದೂ ಹಾಗೇ. ಆಮೇಲೆ 1, 2, 5 ಮತ್ತು ರಿವರ್ಸ್ ಪೂರ್ತಿ ಬೀಳುತ್ತವೆಯೇ ನೋಡಿ.

ಬೋಲ್ಟ್ ತೀರಾ ಒಳಗಿದ್ದರೆ ಗೇರ್ ಅರ್ಧಂಬರ್ಧ ಕೂತು, ಭಾರ ಬಿದ್ದಾಗ ಹಾರುತ್ತದೆ. ಹಲ್ಲಿನ ಅಂಚು ಸವೆಯುತ್ತದೆ. ತೀರಾ ಹೊರಗಿದ್ದರೆ ನೀವು ರಾಡ್ ಎಳೆಯುವ ಬಲವೆಲ್ಲ ಒಳಗೆ ಗೇರ್ ಸರಿಸುವ ಶಿಫ್ಟ್ ಫೋರ್ಕಿನ ಮೇಲೆ. ಟಿ-5ರಲ್ಲಿ 3-4ರ ಫೋರ್ಕ್ ಹೀಗೇ ಬಾಗುತ್ತದೆ.

ಕನ್ಸೋಲ್ ಮುಚ್ಚುವ ಮುಂಚೆ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ಮೇಲೆ ಹಾಯುವಂತೆ ಪೇಂಟ್ ಮಾರ್ಕರಿನ ಒಂದು ಗೆರೆ ಎಳೆಯಿರಿ. ಒಳಗಿನ ರಬ್ಬರ್ ಬೂಟ್ ಹರಿದಿದ್ದರೆ ಹೊಸದು ಹಾಕಿ. ಅದಿಲ್ಲದೆ ಬಿಸಿ, ಸದ್ದು, ಹೊಗೆ ಎಲ್ಲ ಒಳಗೆ ಬರುತ್ತವೆ. ಥ್ರೆಡ್‌ಲಾಕರ್ ಪೂರ್ತಿ ಗಟ್ಟಿಯಾಗಲು 24 ಗಂಟೆ ಕೊಡಿ. 200 ಕಿ.ಮೀ. ಓಡಿಸಿದ ಮೇಲೆ ಬೂಟ್ ಎತ್ತಿ ಗೆರೆ ನೋಡಿ. ಯಾವುದಾದರೂ ಬೋಲ್ಟಿನ ಗೆರೆ ತಪ್ಪಿದ್ದರೆ ಅದನ್ನು ಇನ್ನಷ್ಟು ಬಿಗಿಯಲು ಹೋಗಬೇಡಿ. ಬಿಚ್ಚಿ ತೂತು, ಉದ್ದ, ಕೂರುವ ಮುಖ ಈ ಮೂರನ್ನೂ ಮತ್ತೆ ನೋಡಿ.