ಮೌಂಟನ್ ಹೌಸ್‌ಗೆ ಮನೆ ಬದಲಿಸುವ ಮುಂಚೆ ಊರು ನೋಡುವ ಬಗೆ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಬಾಡಿಗೆ ಕಟ್ಟಿ ಸಾಕಾಗಿರುವ ಕನ್ನಡದವರು ನಾಲ್ಕು ಜನ ಸೇರಿದರೆ ಸಾಕು, ಈ ಊರಿನ ಹೆಸರು ಬಂದೇ ಬರುತ್ತದೆ. "ಮೌಂಟನ್ ಹೌಸ್ ನೋಡಿದ್ರಾ? ಅದೇ ದುಡ್ಡಿಗೆ ನಾಲ್ಕು ಬೆಡ್‌ರೂಮು, ಹಿಂದೆ ಸ್ವಲ್ಪ ಹಿತ್ತಲು, ಮಕ್ಕಳು ನಡೆದೇ ಶಾಲೆಗೆ ಹೋಗಬಹುದು." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಊರಿಗೂ ಆಫೀಸಿಗೂ ನಡುವೆ ಒಂದು ಬೆಟ್ಟ ಇದೆ. ಆಫೀಸಿನ ದಿನ ಅದನ್ನು ಎರಡು ಸಲ ದಾಟಬೇಕು. ಹಾಗಾಗಿ ಅಡುಗೆಮನೆ ಕಟ್ಟೆಯ ಕಲ್ಲು ಯಾವುದು ಅಂತ ನೋಡೋದು ಆಮೇಲೆ, ಮೊದಲು ಆ ಊರಲ್ಲಿ ನಿಮ್ಮ ದಿನ ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ ಅಂತ ನೋಡಿ.

ಊರಿನ ಪರಿಚಯ ಚಿಕ್ಕದಾಗಿ ಹೇಳಿಬಿಡ್ತೀನಿ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕೌಂಟಿಯ ಪಶ್ಚಿಮದ ಅಂಚಿನಲ್ಲಿದೆ. ಊರು ಮುಗಿದ ಕಡೆ ಅಲಮೀಡ ಕೌಂಟಿ ಶುರು. 1849ರ ಚಿನ್ನದ ಹುಚ್ಚಿನ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಗಣಿಗಳಿಗೆ ಹೋಗುವವರು ತಂಗುತ್ತಿದ್ದ ಜಾಗದ ಹೆಸರೇ ಇವತ್ತಿಗೂ ಉಳಿದಿದೆ, ಅಂದರೆ ಓಡಾಡುವವರ ಊರು ಅನ್ನೋದು ಇದಕ್ಕೆ ಹೊಸತೇನಲ್ಲ. ಈಗಿನ ಊರು ಮಾತ್ರ ತೀರಾ ಹೊಸದು. ಹೊಲ ಇದ್ದ ಜಾಗದಲ್ಲಿ ನಕ್ಷೆ ಹಾಕಿ ಕಟ್ಟಿದ್ದು. ಮೊದಲ ಸಂಸಾರಗಳು ಬಂದದ್ದು 2003ರ ಹೊತ್ತಿಗೆ. 2020ರ ಜನಗಣತಿಯಲ್ಲಿ ಸುಮಾರು 24,500 ಜನ. 2024ರ ಮಾರ್ಚ್‌ನಲ್ಲಿ ಮತ ಹಾಕಿ, ಅದೇ ಜುಲೈ 1ರಿಂದ ಅಧಿಕೃತವಾಗಿ 'ಸಿಟಿ' ಆಯ್ತು. ವಿಕ್‌ಲಂಡ್, ಬೆಥನಿ, ಕ್ವೆಸ್ಟ, ಹ್ಯಾನ್ಸನ್, ಕಾರ್ಡೆಸ್ ಅಂತ 'ವಿಲೇಜ್'ಗಳಾಗಿ ಹಂಚಿದ್ದಾರೆ. ಒಂದೊಂದು ವಿಲೇಜಿಗೂ ಒಂದು ಪಾರ್ಕು, ಎಂಟನೇ ಕ್ಲಾಸಿನವರೆಗೆ ಒಂದು ಶಾಲೆ. ಈ ಲೆಕ್ಕಾಚಾರ ನನಗೆ ನಿಜಕ್ಕೂ ಇಷ್ಟ. ಮಕ್ಕಳು ಸೈಕಲ್ ಹೊಡೆದುಕೊಂಡು ಶಾಲೆಗೆ ಹೋಗುವ ದೃಶ್ಯ ಅಮೆರಿಕದ ಹೊಸ ಬಡಾವಣೆಗಳಲ್ಲಿ ಅಷ್ಟು ಸುಲಭಕ್ಕೆ ಸಿಗಲ್ಲ.

ಭಾನುವಾರ ನೋಡಿ ಬಂದು ತೀರ್ಮಾನ ಮಾಡಬೇಡಿ

ಮನೆ ತೋರಿಸುವವರು ನಿಮ್ಮನ್ನು ಕರೆಯೋದು ಭಾನುವಾರ ಮಧ್ಯಾಹ್ನ. ಆಗ 580 ಹೆದ್ದಾರಿ ಸರಾಗ. ಡಬ್ಲಿನ್ ದಾಟಿದ್ದೇ ಗೊತ್ತಾಗಲ್ಲ, ಗಾಳಿಯಂತ್ರ ನೋಡ್ತಾ ನೋಡ್ತಾ ಊರು ಬಂದುಬಿಡುತ್ತದೆ. "ಇಷ್ಟೇನಾ?" ಅನ್ನಿಸುತ್ತದೆ. ಇಷ್ಟೇ ಅಲ್ಲ ಸ್ವಾಮಿ.

ಒಂದು ಮಂಗಳವಾರವೋ ಬುಧವಾರವೋ ಗೊತ್ತು ಮಾಡಿಕೊಳ್ಳಿ. ಸೋಮವಾರ, ಶುಕ್ರವಾರ ಬೇಡ, ಆ ದಿನ ಬಹಳ ಜನ ಮನೆಯಿಂದಲೇ ಕೆಲಸ ಮಾಡುವುದರಿಂದ ಬೆಳಗಿನ ಲೆಕ್ಕ ತಪ್ಪುತ್ತದೆ. ಸಂಜೆ ನಾಲ್ಕೂವರೆಗೆ ಆಫೀಸಿನಿಂದ ಹೊರಟು ಸೀದಾ ಮೌಂಟನ್ ಹೌಸ್ ಪಾರ್ಕ್‌ವೇವರೆಗೆ ಓಡಿಸಿ ನೋಡಿ. ಪ್ಲೆಸಂಟನ್‌ವರೆಗೆ ಒಂದು ಸ್ಥಿತಿ, ಲಿವರ್‌ಮೋರ್ ಇನ್ನೊಂದು, ಗ್ರೀನ್‌ವಿಲ್ ರೋಡ್ ಕಳೆದು ಏರು ಶುರುವಾದ ಮೇಲೆ ಮತ್ತೊಂದು. ಹೆದ್ದಾರಿ ಬೆಟ್ಟ ದಾಟುವ ಜಾಗ, ಆಲ್ಟಮಾಂಟ್ ಪಾಸ್‌ನ ಎತ್ತರ ಸುಮಾರು 1,000 ಅಡಿ ಅಷ್ಟೆ, ಬೆಟ್ಟ ಅಂತ ಹೆದರುವಂಥದ್ದಲ್ಲ. ತೊಂದರೆ ಲಾರಿಗಳದ್ದು. ಓಕ್‌ಲ್ಯಾಂಡ್ ಬಂದರು ಒಂದು ಕಡೆ, ಮೌಂಟನ್ ಹೌಸ್ ಪಕ್ಕದ ಊರು ಟ್ರೇಸಿಯ ದೊಡ್ಡ ದೊಡ್ಡ ಗೋದಾಮುಗಳು ಇನ್ನೊಂದು ಕಡೆ. ತುಂಬಿದ ಟ್ರಕ್ಕು ಏರಿನಲ್ಲಿ ಏದುಸಿರು ಬಿಡುತ್ತಾ ಹತ್ತುವಾಗ ಹಿಂದಿನವರೆಲ್ಲ ಲೇನ್ ಬದಲಿಸಲು ಹೊರಡುತ್ತಾರೆ, ಅಲ್ಲಿಂದ ಸಾಲು ಹಿಂದಕ್ಕೆ ಬೆಳೆಯುತ್ತಾ ಹೋಗುತ್ತದೆ. ಪಾಸ್ ಇಳಿದ ಮೇಲೆ 205 ಮತ್ತು 580 ಬೇರೆಯಾಗುವ ಜಾಗದಲ್ಲಿ ಕೊನೇ ಗಳಿಗೆಯಲ್ಲಿ ನುಗ್ಗುವವರು ಬೇರೆ.

ಬೆಳಗಿನ ಪರೀಕ್ಷೆ ಕಷ್ಟ, ಆದರೆ ಬಿಡಬೇಡಿ. ಟ್ರೇಸಿಯಲ್ಲಿ ಒಂದು ರಾತ್ರಿ ಮೋಟೆಲಿನಲ್ಲಿ ಉಳಿದು, ಐದೂವರೆಗೆ ಹೊರಡಿ. ಕತ್ತಲಲ್ಲಿ ಬೆಟ್ಟದ ತುಂಬ ಕೆಂಪು ದೀಪದ ಸಾಲು ಕಾಣುತ್ತದೆ, ಅಷ್ಟು ಹೊತ್ತಿಗೇ. ಆರೂವರೆಗೆ ಹೊರಟರೆ ಎಷ್ಟು ಹಿಡಿಯುತ್ತೆ ಅಂತಲೂ ಮ್ಯಾಪಿನಲ್ಲಿ ನೋಡಿಟ್ಟುಕೊಳ್ಳಿ. ಒಂದು ಕಡೆಗೆ 90 ನಿಮಿಷಕ್ಕಿಂತ ಜಾಸ್ತಿ ಓಡಾಡುವವರಿಗೆ ಅಮೆರಿಕದಲ್ಲಿ 'ಸೂಪರ್ ಕಮ್ಯೂಟರ್' ಅಂತ ಹೆಸರಿಟ್ಟಿದ್ದಾರೆ. ಈ ಕೌಂಟಿಯಲ್ಲಿ ಅಂಥವರಿಗೆ ಕೊರತೆ ಇಲ್ಲ. ಒಂದು ಪುಣ್ಯ ಏನಂದರೆ ಬೆಳಗ್ಗೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ ಹೋಗೋದರಿಂದ ಎರಡು ಹೊತ್ತೂ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಕಣ್ಣಿಗೆ ಹೊಡೆಯಲ್ಲ.

ಚಳಿಗಾಲದ್ದೂ ಸೇರಿಸಿಕೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ, ಮಳೆ ಬಂದು ಗಾಳಿ ನಿಂತ ರಾತ್ರಿಗಳ ಮಾರನೇ ಬೆಳಗ್ಗೆ, ಕಣಿವೆಯಲ್ಲಿ 'ಟೂಲೆ ಫಾಗ್' ಅನ್ನುವ ಮಂಜು ಕೂರುತ್ತದೆ. ಮುಂದಿನ ಕಾರಿನ ದೀಪವೂ ಕಾಣದಷ್ಟು ದಟ್ಟ. ಆ ದಿನ ಯಾವ ಲೆಕ್ಕವೂ ನಡೆಯಲ್ಲ.

ಕಾರು ಬಿಟ್ಟರೆ ಏನು

ಸ್ಯಾಂಟ ಕ್ಲಾರ, ಸ್ಯಾನ್ ಹೊಸೆ ಕಡೆ ಆಫೀಸು ಇದ್ದರೆ ಏಸ್ ರೈಲು ನೋಡಿ. 1998ರಿಂದ ಓಡುತ್ತಿದೆ, ಸ್ಟಾಕ್‌ಟನ್‌ನಿಂದ ಸ್ಯಾನ್ ಹೊಸೆವರೆಗೆ 86 ಮೈಲಿ. ಮೌಂಟನ್ ಹೌಸ್‌ನಲ್ಲಿ ನಿಲ್ಲಲ್ಲ. ಹತ್ತಿರದ ಸ್ಟೇಷನ್ ಟ್ರೇಸಿ, ಅದೂ ಟ್ರೇಸಿ ಪೇಟೆಯಲ್ಲಿಲ್ಲ, ಊರಿನ ದಕ್ಷಿಣದ ತುದಿಯಲ್ಲಿದೆ. ಮನೆಯಿಂದ ಅಲ್ಲಿಗೆ ಕಾರಿನಲ್ಲಿ ಹೋಗಬೇಕು, ಪಾರ್ಕಿಂಗ್‌ಗೆ ದುಡ್ಡಿಲ್ಲ. ವಾರದ ದಿನ ಬೆಳಗ್ಗೆ ನಾಲ್ಕು ರೈಲು ಆ ಕಡೆಗೆ, ಮಧ್ಯಾಹ್ನದ ಮೇಲೆ ನಾಲ್ಕು ಈ ಕಡೆಗೆ. ಮೊದಲನೆಯದು ಟ್ರೇಸಿಗೆ ಐದರ ಆಸುಪಾಸಿಗೇ ಬರುತ್ತದೆ. ಸ್ಯಾನ್ ಹೊಸೆಯಿಂದ ಕೊನೆಯದು ಹೊರಡೋದು ಏಳಕ್ಕೂ ಮುಂಚೆ. ಅದು ತಪ್ಪಿತು ಅಂದರೆ ಅವತ್ತಿಗೆ ರೈಲು ಮುಗೀತು. ಹೀಗಾಗಿ ಏಸ್‌ನಲ್ಲಿ ಹೋಗುವವರು ಸಂಜೆ ಆರರ ಮೀಟಿಂಗ್ ಒಪ್ಪಿಕೊಳ್ಳೋದೇ ಇಲ್ಲ, ಟೀಮಿನವರಿಗೆ ಮೊದಲೇ ಹೇಳಿಟ್ಟಿರುತ್ತಾರೆ. ನೀವೂ ಹೇಳಿಡಿ.

ಹಳಿ ಯೂನಿಯನ್ ಪೆಸಿಫಿಕ್ ಕಂಪನಿಯದು, ಗೂಡ್ಸ್ ಗಾಡಿಗಳೂ ಅದರಲ್ಲೇ ಓಡುತ್ತವೆ. ಆಗಾಗ ತಡ ಆಗುತ್ತದೆ. ಆದರೂ ನನ್ನ ಓಟು ರೈಲಿಗೇ. ಡಬ್ಬಿಯಲ್ಲಿ ಮೇಜು ಇದೆ, ಲ್ಯಾಪ್‌ಟಾಪ್ ತೆಗೆಯಬಹುದು, ನಿದ್ದೆ ಮಾಡಬಹುದು, ನೈಲ್ಸ್ ಕ್ಯಾನ್ಯನ್ ಬಂದಾಗ ಕಿಟಕಿ ಕಡೆ ನೋಡಬಹುದು. ಸಿಲಿಕಾನ್ ವ್ಯಾಲಿ ಕಡೆಯ ಸ್ಟೇಷನ್ನಿಂದ ಆಫೀಸುಗಳ ಕಡೆಗೆ ಶಟಲ್ ಬಸ್ಸು ಸಿಗುತ್ತದೆ. ನಿಮ್ಮ ಆಫೀಸಿನ ಹತ್ತಿರಕ್ಕೆ ಯಾವುದು ಹೋಗುತ್ತೆ ಅಂತ ಮೊದಲೇ ನೋಡಿಕೊಳ್ಳಿ. ಬೇ ಏರಿಯಾದ ಲೋಕಲ್ ರೈಲು ಬಾರ್ಟ್‌ಗೆ ಬಳಸುವ ಕ್ಲಿಪರ್ ಕಾರ್ಡ್ ಏಸ್‌ನಲ್ಲಿ ನಡೆಯಲ್ಲ, ಟಿಕೆಟ್ ಬೇರೆ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಲಸ ಇದ್ದರೆ ಡಬ್ಲಿನ್/ಪ್ಲೆಸಂಟನ್‌ವರೆಗೆ ಕಾರು, ಅಲ್ಲಿಂದ ಬಾರ್ಟ್. ಬಾರ್ಟ್‌ನಲ್ಲಿ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಕಷ್ಟ ಇರೋದು ಬಾರ್ಟ್ ತಲುಪುವವರೆಗಿನ ದಾರಿಯಲ್ಲಿ. ಇಲ್ಲಿ ಒಂದು ಎಚ್ಚರಿಕೆ. "ಸದ್ಯದಲ್ಲೇ ವ್ಯಾಲಿ ಲಿಂಕ್ ರೈಲು ಬರುತ್ತೆ, ಮೌಂಟನ್ ಹೌಸ್‌ನಲ್ಲೇ ಸ್ಟೇಷನ್" ಅಂತ ಯಾರಾದರೂ ಹೇಳಿದರೆ ಆ ಮಾತಿನ ಮೇಲೆ ಒಂದು ಡಾಲರೂ ಜಾಸ್ತಿ ಕೊಡಬೇಡಿ. ಬಾರ್ಟ್ ಅನ್ನು ಲಿವರ್‌ಮೋರ್‌ಗೆ ತರುವ ಯೋಜನೆಯನ್ನು 2018ರಲ್ಲಿ ಬಾರ್ಟ್ ಮಂಡಳಿಯೇ ಕೈಬಿಟ್ಟಿತು. ವ್ಯಾಲಿ ಲಿಂಕ್‌ಗೆ 2017ರಲ್ಲೇ ಕಾನೂನು ಮಾಡಿ ಒಂದು ಪ್ರಾಧಿಕಾರ ಮಾಡಿದ್ದಾರೆ, ನಕ್ಷೆಯೂ ಇದೆ. ರೈಲು ಹತ್ತುವ ದಿನ ಬಂದಾಗ ಹತ್ತೋಣ.

580ರಲ್ಲಿ ಲಿವರ್‌ಮೋರ್‌ನಿಂದ ಡಬ್ಲಿನ್‌ವರೆಗೆ ಎಕ್ಸ್‌ಪ್ರೆಸ್ ಲೇನ್ ಇದೆ, 2016ರಿಂದ. ಟೋಲ್ ಕಟ್ಟುವ ಫಾಸ್ಟ್ರಾಕ್ ಟ್ಯಾಗ್ ಬೇಕು. ಕಾರ್‌ಪೂಲ್ ಮಾಡುವುದಾದರೆ ಫ್ಲೆಕ್ಸ್ ಅನ್ನುವ ಟ್ಯಾಗ್ ತೆಗೆದುಕೊಂಡು, ಕಾರಿನಲ್ಲಿ ಎಷ್ಟು ಜನ ಇದ್ದಾರೋ ಆ ಅಂಕಿಗೆ ಸ್ವಿಚ್ ತಿರುಗಿಸಿ. ಎಲೆಕ್ಟ್ರಿಕ್ ಕಾರಿಗೆ ಸ್ಟಿಕರ್ ಅಂಟಿಸಿ ಒಬ್ಬರೇ ಕಾರ್‌ಪೂಲ್ ಲೇನಿನಲ್ಲಿ ಹೋಗುವ ಸೌಲಭ್ಯ 2025ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಹಳಬರು ಹೇಳುವ "ನಲವತ್ತೇ ನಿಮಿಷ" ಆ ಕಾಲದ್ದಾ, ಈಗಿನದ್ದಾ ಅಂತ ಕೇಳಿ.

ಊರಲ್ಲಿ ಯಾರಿರುತ್ತಾರೆ

ಹಗಲು ಹನ್ನೊಂದು ಗಂಟೆಗೆ ಹೋಗಿ ನೋಡಿ. ಇದನ್ನು ಯಾರೂ ಮಾಡಲ್ಲ, ನನ್ನ ಪ್ರಕಾರ ಇದೇ ಮುಖ್ಯ. ಬೀದಿಯಲ್ಲಿ ಕಾರಿಲ್ಲ, ಗ್ಯಾರೇಜುಗಳೆಲ್ಲ ಮುಚ್ಚಿವೆ. ಕಾಣುವವರು ಕೊರಿಯರ್ ವ್ಯಾನಿನವರು, ಹುಲ್ಲು ಕತ್ತರಿಸುವವರು, ಮತ್ತೆ ಅಜ್ಜ ಅಜ್ಜಿಯರು. ಸ್ವೆಟರು, ಕಾಲಿಗೆ ಸ್ಪೋರ್ಟ್ಸ್ ಶೂ, ಮೇಲೆ ಸೀರೆ ಅಥವಾ ಚೂಡಿದಾರ, ಒಂದು ಕೈಯಲ್ಲಿ ಸ್ಟ್ರಾಲರ್, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಊರಿನವರ ಜೊತೆ ವಿಡಿಯೊ ಮಾತು. ತೆಲುಗು, ಪಂಜಾಬಿ, ಹಿಂದಿ, ತಮಿಳು, ಕನ್ನಡ ಎಲ್ಲ ಕೇಳಿಸುತ್ತದೆ, ಫಿಲಿಪೀನ್ಸ್ ಮತ್ತು ಚೀನಾದ ಹಿರಿಯರೂ ಇರುತ್ತಾರೆ. ಈ ಊರಿನಲ್ಲಿ ಏಷ್ಯಾ ಮೂಲದವರೇ ಅತಿ ದೊಡ್ಡ ಗುಂಪು. ಭಾಷೆ ಬಾರದಿದ್ದರೂ ಅವರವರಲ್ಲೇ ಪಾರ್ಕಿನ ಬೆಂಚು, ಹೊತ್ತು ಎಲ್ಲ ಗೊತ್ತಾಗಿರುತ್ತದೆ.

ದುಡಿಯುವವರಲ್ಲಿ ಸಾಫ್ಟ್‌ವೇರಿನವರಷ್ಟೇ ಇಲ್ಲ. ಬೇ ಏರಿಯಾದ ಆಸ್ಪತ್ರೆಗಳ ನರ್ಸ್‌ಗಳು, ಪೊಲೀಸರು, ಮೇಷ್ಟ್ರುಗಳು, ತಾವು ಕೆಲಸ ಮಾಡುವ ಊರಲ್ಲಿ ಮನೆ ಕೊಳ್ಳಲು ಆಗದೆ ಬೆಟ್ಟ ದಾಟಿ ಬಂದವರು. ಕೋವಿಡ್ ಸಮಯದಲ್ಲಿ ಇನ್ನು ಮೇಲೆ ಮನೆಯಿಂದಲೇ ಕೆಲಸ ಅಂತ ನಂಬಿ ಬಂದವರ ಸಂಖ್ಯೆಯೂ ಚಿಕ್ಕದಲ್ಲ, ಅವರನ್ನೀಗ ಆಫೀಸು ವಾರಕ್ಕೆ ಮೂರು ದಿನ, ಕೆಲವರನ್ನು ಐದೂ ದಿನ ಕರೆಯುತ್ತಿದೆ. ಇವರ ಜೊತೆ ಮಾತಾಡಿ. ಏಸ್ ಪ್ಲಾಟ್‌ಫಾರ್ಮಿನಲ್ಲಿ, ಪಾರ್ಕಿನಲ್ಲಿ, ಕ್ರಿಕೆಟ್ ಆಡುವ ಕಡೆ ನಿಂತು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. "ಎಷ್ಟು ಹೊತ್ತು ಹಿಡಿಯುತ್ತೆ?" ಅಂತ ಕೇಳಬೇಡಿ, ಎಲ್ಲರೂ ಒಳ್ಳೆಯ ದಿನದ ಲೆಕ್ಕ ಹೇಳುತ್ತಾರೆ. "ಮಗುವಿಗೆ ಜ್ವರ ಅಂತ ಶಾಲೆಯಿಂದ ಫೋನ್ ಬಂದರೆ ಯಾರು ಹೋಗ್ತೀರಿ?" ಅಂತ ಕೇಳಿ.

ಈ ಪ್ರಶ್ನೆಗೆ ನಿಮ್ಮ ಹತ್ತಿರವೂ ಉತ್ತರ ಇರಬೇಕು. ಶಾಲೆಯ ಎಮರ್ಜೆನ್ಸಿ ಫಾರಂನಲ್ಲಿ ಅಪ್ಪ ಅಮ್ಮನ ಹೆಸರು ಬರೆದು, ಇಬ್ಬರೂ ಬೆಟ್ಟದ ಆಚೆ ಇದ್ದರೆ ಪ್ರಯೋಜನ ಏನು? ಹಗಲು ಊರಲ್ಲೇ ಇರುವ, ಕಾರು ಓಡಿಸುವ ಒಬ್ಬರ ಹೆಸರು ಬೇಕು. ಮೊದಲ ತಿಂಗಳಲ್ಲೇ ಅಕ್ಕಪಕ್ಕದವರನ್ನು ಊಟಕ್ಕೆ ಕರೆಯಿರಿ, ಸಂಕೋಚ ಬೇಡ, ಅವರಿಗೂ ಇಂಥವರೊಬ್ಬರು ಬೇಕಾಗಿರುತ್ತಾರೆ. ಊರಿನಲ್ಲಿ ಆಸ್ಪತ್ರೆ ಇಲ್ಲ, ಹತ್ತಿರದ್ದು ಟ್ರೇಸಿಯಲ್ಲಿ. ನಿಮ್ಮ ಇನ್ಶೂರೆನ್ಸ್ ಅಲ್ಲಿ ನಡೆಯುತ್ತಾ ಅಂತ ನೋಡಿ.

ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರೆ ಅಂದರೆ ಅವರಿಗಾಗಿಯೇ ಮನೆ ಆರಿಸಿ. ಪಾರ್ಕಿಗೂ ಒಂದಿಷ್ಟು ಅಂಗಡಿಗೂ ನಡೆದು ಹೋಗುವಂತಿರಲಿ. ಬಹಳ ವರ್ಷ ಈ ಊರಲ್ಲಿ ದೊಡ್ಡ ದಿನಸಿ ಅಂಗಡಿಯೇ ಇರಲಿಲ್ಲ, ಕೊತ್ತಂಬರಿ ಸೊಪ್ಪಿಗೂ ಟ್ರೇಸಿಗೆ ಹೋಗಬೇಕಿತ್ತು. ಈಗ ಸೇಫ್‌ವೇ ಬಂದಿದೆ. ಬಸ್ಸನ್ನು ನೆಚ್ಚಿಕೊಂಡು ಕೂರುವ ಊರು ಇದಲ್ಲ. ಬೇಸಿಗೆಯಲ್ಲಿ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ಆದರೆ ಸಂಜೆ ನದಿಗಳು ಸೇರುವ ಡೆಲ್ಟಾ ಕಡೆಯಿಂದ ಗಾಳಿ ಬೀಸಿದಾಗ ಹಾಯ್ ಅನ್ನಿಸುತ್ತದೆ, ವಾಕಿಂಗ್ ಎಲ್ಲ ಆಗಲೇ. ಶಿವ-ವಿಷ್ಣು ದೇವಸ್ಥಾನ ಲಿವರ್‌ಮೋರ್‌ನಲ್ಲಿ, ಅದಕ್ಕೂ ಬೆಟ್ಟ ದಾಟಬೇಕು, ಶನಿವಾರ ಬೆಳಗ್ಗೆ ಅದು ಕಷ್ಟ ಏನಿಲ್ಲ.

ಕಾಗದಪತ್ರ ನೋಡುವಾಗ

ಮನೆಯ ಬೆಲೆ, ಲೋನಿನ ಕಂತು ಎರಡನ್ನೇ ನೋಡಿ ಲೆಕ್ಕ ಹಾಕಿದರೆ ಎಡವುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಯ ಮೂಲ ದರ 1 ಪರ್ಸೆಂಟ್, 1978ರಲ್ಲಿ ಜನ ಮತ ಹಾಕಿ ತಂದ ಪ್ರಾಪೊಸಿಷನ್ 13 ಕಾನೂನಿನಿಂದಾಗಿ. ಇಲ್ಲಿ ಅದರ ಮೇಲೆ ರಸ್ತೆ, ಪಾರ್ಕು, ಪೊಲೀಸು, ಬೆಂಕಿ ಆರಿಸುವವರು ಅಂತ ಊರಿನ ವಿಶೇಷ ತೆರಿಗೆಗಳು, ಜೊತೆಗೆ ಶಾಲೆಗಳನ್ನು ಕಟ್ಟಿದ ಸಾಲಕ್ಕೆ ಮೆಲೊ-ರೂಸ್ ಅನ್ನುವ ಇನ್ನೊಂದು ತೆರಿಗೆ. ಒಂದೊಂದು ವಿಲೇಜಿನಲ್ಲಿ ಒಂದೊಂದು ಥರ. ಆ ಮನೆಯ ಹಳೇ ತೆರಿಗೆ ಬಿಲ್ಲನ್ನೇ ಕೇಳಿ ಪಡೆದು, ಸಾಲು ಸಾಲಾಗಿ ಓದಿ. ಕರೆಂಟು ಬೇ ಏರಿಯಾದಲ್ಲಿ ಕೊಡುವ ಪಿಜಿಅಂಡ್‌ಇ ಕಂಪನಿಯದ್ದಲ್ಲ, ಮೊಡೆಸ್ಟೊ ಇರಿಗೇಷನ್ ಡಿಸ್ಟ್ರಿಕ್ಟ್‌ನದು, ಆಗಸ್ಟ್ ತಿಂಗಳ ಬಿಲ್ ಕೇಳಿ ನೋಡಿ, ಎಸಿ ಖರ್ಚು ಗೊತ್ತಾಗುತ್ತದೆ. ನೀರಿನದ್ದೂ ಕೇಳಿ. 2015ರ ಬರದಲ್ಲಿ, ಊರಿಗೆ ನೀರು ಕೊಡುವ ಬೈರನ್-ಬೆಥನಿ ನೀರಾವರಿ ಸಂಸ್ಥೆಗೆ ಹೊಳೆ ನೀರು ಎತ್ತಬೇಡಿ ಅಂತ ರಾಜ್ಯ ಆದೇಶ ಮಾಡಿ, ಬೇರೆ ಕಡೆಯಿಂದ ನೀರು ಹೊಂದಿಸಲು ಓಡಾಡಬೇಕಾಯಿತು.

2008ರದ್ದೂ ತಿಳಿದಿರಲಿ. ಮನೆ ಬೆಲೆ ಕುಸಿದಾಗ ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಮುಳುಗಿದ ಊರು ಅಂತ ಪತ್ರಿಕೆಗಳಲ್ಲಿ ಬಂದದ್ದು ಇದೇ ಮೌಂಟನ್ ಹೌಸ್. ಲೋನ್ ಇದ್ದವರಲ್ಲಿ ಶೇಕಡ 90ರ ಹತ್ತಿರ ಜನಕ್ಕೆ ಮನೆಯ ಬೆಲೆಗಿಂತ ಸಾಲವೇ ಜಾಸ್ತಿ ಆಗಿತ್ತು. ಆಮೇಲೆ ಊರು ಎದ್ದು ನಿಂತಿತು, ಬೆಲೆಯೂ ಏರಿತು. ಆದರೆ ಬೇ ಏರಿಯಾದ ಉದ್ಯೋಗ ಸೀನಿದರೆ ಇಲ್ಲಿ ನೆಗಡಿ ಬರುತ್ತದೆ. ಹಾಗಾಗಿ ಐದು ವರ್ಷ ಇರುತ್ತೀರಾ ಅಂತ ಗಟ್ಟಿ ಇಲ್ಲದಿದ್ದರೆ, ವೀಸಾದ ಗೊಂದಲ ಇನ್ನೂ ಮುಗಿದಿಲ್ಲದಿದ್ದರೆ, ಮೊದಲ ವರ್ಷ ಅಲ್ಲೇ ಬಾಡಿಗೆಗೆ ಇದ್ದು ನೋಡೋದು ವಾಸಿ. ಒಂದು ಚಳಿಗಾಲ, ಒಂದು ಬೇಸಿಗೆ, ಒಂದು ಶಾಲೆಯ ವರ್ಷ ಕಳೆದರೆ ನಿಮಗೇ ಗೊತ್ತಾಗುತ್ತದೆ.

ಕೊಂಡೇ ಬಿಟ್ಟಿರಿ ಅಂದುಕೊಳ್ಳಿ. ಕೆಲವು ತಿಂಗಳಿಗೆ ಕೌಂಟಿಯಿಂದ 'ಸಪ್ಲಿಮೆಂಟಲ್' ಅಂತ ಇನ್ನೊಂದು ತೆರಿಗೆ ಬಿಲ್ ಬರುತ್ತದೆ. ಹಳೇ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸದ್ದು ಅದು. ಬ್ಯಾಂಕಿನವರು ಕಟ್ಟುತ್ತಾರೆ ಅಂತ ಸುಮ್ನೆ ಎತ್ತಿಡಬೇಡಿ, ಸಾಮಾನ್ಯವಾಗಿ ಅದನ್ನು ನೀವೇ ಕಟ್ಟಬೇಕು. ಮಾಮೂಲಿ ಬಿಲ್ಲಿಗೆ ಎರಡು ಕಂತು. ಮೊದಲನೆಯದಕ್ಕೆ ಡಿಸೆಂಬರ್ 10 ಕೊನೇ ದಿನ, ಎರಡನೆಯದಕ್ಕೆ ಏಪ್ರಿಲ್ 10. ತಪ್ಪಿದರೆ 10 ಪರ್ಸೆಂಟ್ ದಂಡ.