ಹಳೆಯ ಬಡಾವಣೆಗೆ ಬಹುಮಹಡಿ ಅಪಾರ್ಟ್‌ಮೆಂಟ್ ಬಂದರೆ: ನಿವಾಸಿಗಳು ಆಕ್ಷೇಪಿಸುವುದು ಹೇಗೆ?

1898ರ ಪ್ಲೇಗಿಗೆ ಬೆಂಗಳೂರಿನ ಪೇಟೆ ತತ್ತರಿಸಿದ ಕಾಲದಲ್ಲಿ ಜನ ಬಂದು ನೆಲೆಸಿದ ಬಸವನಗುಡಿ, ಮಲ್ಲೇಶ್ವರಗಳನ್ನು ಗಾಳಿ ಬೆಳಕು ಚೆನ್ನಾಗಿ ಆಡಲೆಂದೇ ಯೋಜಿಸಲಾಗಿತ್ತು. ನೇರವಾದ ಅಡ್ಡರಸ್ತೆಗಳು, ಮನೆಯ ಸುತ್ತ ಬಯಲು, ಹಿತ್ತಿಲ ಹಿಂದೆ ಶುಚಿ ಕೆಲಸದವರು ಓಡಾಡಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಕಿಟಕಿಗಳ ಮೇಲೆ ಮಂಕಿ ಟಾಪ್ ಎಂಬ ಚೂಪು ತುದಿಯ ಮರದ ಮಾಡು, ಒಳಗೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದರಾಸು ತಾರಸಿ. ಅಂಥ ಎರಡು ಮೂರು ಮನೆಗಳನ್ನು ಕೊಂಡು, ನಿವೇಶನಗಳನ್ನು ಒಗ್ಗೂಡಿಸಿ, ಅಲ್ಲಿ ಬಹುಮಹಡಿ ಅಪಾರ್ಟ್‌ಮೆಂಟ್ ಎಬ್ಬಿಸುವ ಸುದ್ದಿ ಬಂದೊಡನೆ ಬೀದಿಯವರು ಸೇರಿ ಫಲಕ ಹಿಡಿಯುವುದು ಸಹಜ. ಆದರೆ ಕಟ್ಟಡವನ್ನು ತಡೆಯುವ ಅಥವಾ ತಗ್ಗಿಸುವ ಶಕ್ತಿ ಇರುವುದು ನಿಯಮದ ಉಲ್ಲಂಘನೆಯನ್ನು ಅಳತೆಯ ಸಮೇತ ತೋರಿಸುವ, ಅಡಿಪಾಯ ಏಳುವ ಮೊದಲೇ ಕಚೇರಿ ತಲುಪಿದ ಕಾಗದಕ್ಕೆ.

ಮೊದಲು ನಕ್ಷೆ ಕೈಗೆ ಬರಲಿ

ಎಷ್ಟು ಮಹಡಿ, ಎಷ್ಟು ಮನೆ, ನೆಲಮಾಳಿಗೆ ಎಷ್ಟು ಆಳ ಎಂಬುದನ್ನು ಊಹೆಯ ಮೇಲೆ ಹೇಳಬೇಡಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ, ಎಂಟಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿ ಮಾರುವ ಯೋಜನೆ ರಿಯಲ್ ಎಸ್ಟೇಟ್ ಯೋಜನೆಗಳ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಲೇಬೇಕು. ನೋಂದಣಿಯಾಗಿದ್ದರೆ ಮಂಜೂರಾದ ನಕ್ಷೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಣಿ ಇನ್ನೂ ಆಗಿಲ್ಲದಿದ್ದರೆ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹೀಗಾಗಿ ನಕ್ಷೆಗೆ ಒಂದು ಅರ್ಜಿ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಇನ್ನೊಂದು, ಜಲಮಂಡಳಿಯ ಒಪ್ಪಿಗೆಗೆ ಮತ್ತೊಂದು ಎಂದು ಬಿಡಿಬಿಡಿಯಾಗಿ, ಬೇರೆ ಬೇರೆ ನಿವಾಸಿಗಳ ಹೆಸರಿನಲ್ಲಿ ಸಲ್ಲಿಸುವುದು ಒಳ್ಳೆಯದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನಗಳ ಅವಕಾಶವಿದೆ.

ನಕ್ಷೆ ಕೊಡಲು ಕಚೇರಿ ಹಿಂಜರಿದರೆ ಆ ಹಿಂಜರಿಕೆಯೂ ಮುಂದೆ ಸಾಕ್ಷಿಯಾಗುತ್ತದೆ. ನೊಯ್ಡಾದ ಅವಳಿ ಗೋಪುರಗಳ ಪ್ರಕರಣದಲ್ಲಿ ನಿವಾಸಿಗಳ ಸಂಘಕ್ಕೆ ಪ್ರಾಧಿಕಾರ ನಕ್ಷೆ ಕೊಡದೇ ಹೋದದ್ದು 2021ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕಟುವಾಗಿಯೇ ದಾಖಲಾಗಿದೆ. ಗೋಪುರಗಳ ನಡುವೆ ನಿಯಮದಂತೆ ಇರಬೇಕಾದ ಅಂತರ ಇರಲಿಲ್ಲ ಎಂಬುದು ಆ ತೀರ್ಪಿನ ಮುಖ್ಯ ಆಧಾರಗಳಲ್ಲೊಂದು. ಮರುವರ್ಷ ಆ ಗೋಪುರಗಳನ್ನು ನೆಲಸಮ ಮಾಡಲಾಯಿತು.

ಟೇಪು ಹಿಡಿದು ರಸ್ತೆ ಅಳೆಯಿರಿ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ ಇದೇ. ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದು ಎಂಬ ಎಫ್‌ಎಆರ್ ಲೆಕ್ಕವು ಜಾಗದ ವಿಸ್ತೀರ್ಣದ ಜೊತೆಗೆ ಮುಂದಿನ ರಸ್ತೆಯ ಅಗಲವನ್ನೂ ಅವಲಂಬಿಸಿದೆ. 10,000 ಚದರ ಅಡಿಯ ಜಾಗಕ್ಕೆ ಎಫ್‌ಎಆರ್ 1.75 ಇದ್ದರೆ 17,500 ಚದರ ಅಡಿ ಕಟ್ಟಬಹುದು, 2.25 ಆದರೆ 22,500. ಆ 5,000 ಚದರ ಅಡಿಯ ವ್ಯತ್ಯಾಸ, ಅಂದರೆ ಹಲವು ಮನೆಗಳು ಮತ್ತು ಅವುಗಳ ಕಾರುಗಳು, ರಸ್ತೆಯ ಕೆಲವೇ ಅಡಿಗಳ ಮೇಲೆ ನಿಂತಿರಬಹುದು. ಆದ್ದರಿಂದ ವಾಹನ ಸಂಚಾರ ಶುರುವಾಗುವ ಮುನ್ನ, ಬೆಳಿಗ್ಗೆ, ನಿವೇಶನದ ಮುಂದೆ ಮೂರು ನಾಲ್ಕು ಕಡೆ ಈಚೆಯ ಕಾಂಪೌಂಡಿನಿಂದ ಆಚೆಯ ಕಾಂಪೌಂಡಿನವರೆಗೆ ಟೇಪು ಎಳೆದು, ಅಂಕಿ ಕಾಣುವಂತೆ ಫೋಟೊ ತೆಗೆದು, ದಿನಾಂಕ ಬರೆದಿಡಿ. ನಕ್ಷೆಯಲ್ಲಿ 40 ಅಡಿ ಎಂದು ತೋರಿಸಿದ ರಸ್ತೆ ನೆಲದ ಮೇಲೆ ಅಷ್ಟಿಲ್ಲದಿದ್ದರೆ, ಆಕ್ಷೇಪಣೆಯ ಮೊದಲ ಅಂಶ ಅದೇ ಆಗಲಿ. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್, ಟಿಡಿಆರ್ (ಬೇರೆಡೆ ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಸಿಗುವ ಕಟ್ಟುವ ಹಕ್ಕು) ಅಥವಾ ಪ್ರೀಮಿಯಂ ಎಫ್‌ಎಆರ್ (ಶುಲ್ಕ ಕಟ್ಟಿ ಪಡೆಯುವ ಹೆಚ್ಚುವರಿ ಎಫ್‌ಎಆರ್) ಎಂದು ಸೇರಿಸಿಕೊಂಡ ಮಹಡಿಗಳು, ಹಿಂದಿನ ಗಲ್ಲಿಯನ್ನು ನಿವೇಶನದೊಳಗೆ ಸೇರಿಸಿ ತೋರಿಸಿದ್ದಾರೆಯೇ ಎಂಬುದು, ಇವನ್ನೂ ಇದೇ ರೀತಿ ಒಂದೊಂದಾಗಿ ನೋಡಿ.

ಪಾರಂಪರಿಕ ಕಟ್ಟಡವೆಂಬ ವಾದ

ಪಾರಂಪರಿಕ ತಾಣಗಳ ಉಳಿವಿಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಪಟ್ಟಿಯಲ್ಲಿ ಮನೆಯ ಹೆಸರಿದ್ದರೆ ಅದು ಉತ್ತಮ ದಾಖಲೆ. ಆದರೆ ಆ ಪಟ್ಟಿಗೆ ತಾನಾಗಿ ಕಾನೂನಿನ ಬಲವಿಲ್ಲ. ಬಲವಿರುವುದು ಸಂರಕ್ಷಿತ ಸ್ಮಾರಕಗಳ ಸುತ್ತಮುತ್ತ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದಿಂದ 100 ಮೀಟರ್ ಹೊಸ ನಿರ್ಮಾಣಕ್ಕೆ ನಿಷೇಧಿತ ವಲಯ, ಅಲ್ಲಿಂದಾಚೆಗೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ವಲಯ. ಬೆಂಗಳೂರಿನ ಟಿಪ್ಪು ಅರಮನೆಯ ಆಸುಪಾಸಿನವರು ಇದನ್ನು ಮೊದಲು ಪರಿಶೀಲಿಸಬೇಕು. ಯೋಜನೆಯ ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು. ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆ ಇರುವುದಿಲ್ಲವಾದ್ದರಿಂದ ಪರಿಸರ ಅನುಮತಿಯ ಅರ್ಜಿಗಳು ದಾಖಲಾಗುವ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣವನ್ನು ನೀವೇ ಗಮನಿಸುತ್ತಿರಬೇಕು. ಅನುಮತಿ ಸಿಕ್ಕ 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಜಾಗದೊಳಗಿನ ಮರ ಕಡಿಯಲು ವೃಕ್ಷಾಧಿಕಾರಿಯ ಒಪ್ಪಿಗೆ ಅಗತ್ಯ. ಇದನ್ನು ಹಲವರು ಮರೆಯುತ್ತಾರೆ.

ಆಕ್ಷೇಪಣಾ ಪತ್ರ

ಭೂಬಳಕೆ ಬದಲಾವಣೆ ಕೋರಿದ್ದರೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಂತೆ ಯೋಜನಾ ಪ್ರಾಧಿಕಾರವು ದಿನಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ, ಕನಿಷ್ಠ 15 ದಿನ ಸಾರ್ವಜನಿಕರ ಆಕ್ಷೇಪಣೆಗೆ ಕಾಯಬೇಕು. ಅಂಥ ಪ್ರಕಟಣೆಗಳು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತವೆ. ಬೀದಿಯಲ್ಲಿ ಇಬ್ಬರಿಗಾದರೂ ಅದನ್ನು ದಿನವೂ ನೋಡುವ ಹೊಣೆ ವಹಿಸಿ. ಭೂಬಳಕೆ ಬದಲಾವಣೆ ಇಲ್ಲದಿದ್ದರೂ ನಕ್ಷೆ ಮಂಜೂರು ಮಾಡುವ ಅಧಿಕಾರಿಗೆ ಪತ್ರ ಬರೆಯಲು ಅಡ್ಡಿಯಿಲ್ಲ. ಪತ್ರದಲ್ಲಿ ಒಂದು ಅಂಶಕ್ಕೆ ಒಂದು ಪರಿಚ್ಛೇದವಿರಲಿ: ನಿಯಮ ಏನು ಹೇಳುತ್ತದೆ, ನಕ್ಷೆಯಲ್ಲಿ ಏನಿದೆ, ನೆಲದ ಮೇಲೆ ಅಳತೆ ಎಷ್ಟು. ಕಡೆಯಲ್ಲಿ ಸಹಿ, ಮನೆ ಸಂಖ್ಯೆ, ಜೊತೆಗೆ ಫೋಟೊಗಳು. ಕಚೇರಿಯ ಮುದ್ರೆ ಬಿದ್ದ ಸ್ವೀಕೃತಿ ಪ್ರತಿಯನ್ನು ಪಡೆಯದೆ ಹಿಂತಿರುಗಬೇಡಿ. ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಿದರೆ ಪತ್ರವ್ಯವಹಾರವೂ ಮುಂದಿನ ಮೊಕದ್ದಮೆಯೂ ಒಬ್ಬರ ಹೆಗಲ ಮೇಲೆ ಬೀಳುವುದಿಲ್ಲ.

ಮಗ್ಗುಲ ಮನೆಯ ಗೋಡೆ

ನೆಲಮಾಳಿಗೆಗೆ ಅಗೆಯಲು ಶುರುಮಾಡಿದರೆ ಮೊದಲು ತೊಂದರೆಗೆ ಸಿಗುವುದು ಗಾರೆಯಲ್ಲಿ ಕಟ್ಟಿದ ನೆರೆಮನೆ. ಅಗೆತಕ್ಕೆ ಮುಂಚೆ ಪ್ರತಿಯೊಂದು ಗೋಡೆಯ ಫೋಟೊ ತೆಗೆದು ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಸ್ಥಿತಿಗತಿಯ ವರದಿ ಬರೆಯಿಸಿ. ಈಗಾಗಲೇ ಇರುವ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ತುಂಡೊಂದನ್ನು ಎರಡೂ ಕಡೆ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಗುರುತು ಹಾಕಿ. ಗಾಜು ಒಡೆದರೆ ಗೋಡೆ ಸರಿದಿದೆ ಎಂದರ್ಥ. ಅದೇ ದಿನ ಎಂಜಿನಿಯರಿಗೂ ಪಾಲಿಕೆಗೂ ಲಿಖಿತವಾಗಿ ತಿಳಿಸಿ.

ನ್ಯಾಯಾಲಯಕ್ಕೆ ಹೋಗುವುದಾದರೆ

ಪಕ್ಕದವರ ಜಾಗದ ವಿಚಾರ ನಿಮಗೇಕೆ ಎಂದು ಯಾರಾದರೂ ಕೇಳಿದರೆ ಉತ್ತರ ನಮ್ಮ ಉಡುಪಿಯಲ್ಲೇ ಇದೆ. ಅಲ್ಲಿ ಕಲ್ಯಾಣ ಮಂಟಪಕ್ಕೆಂದು ಒಪ್ಪಿಗೆ ಪಡೆದ ಕಟ್ಟಡವನ್ನು ವಾಸದ ಪ್ರದೇಶದಲ್ಲೇ ಚಿತ್ರಮಂದಿರವಾಗಿ ಮಾಡಲು ಪುರಸಭೆ ಅನುಮತಿ ಕೊಟ್ಟದ್ದನ್ನು ನಿವಾಸಿಯೊಬ್ಬರು ಪ್ರಶ್ನಿಸಿದರು. ಯೋಜನೆಯ ನಿಯಮ ಮೀರಿ ಕೊಟ್ಟ ಅನುಮತಿಯಿಂದ ಸುತ್ತಲಿನ ನಿವಾಸಿಗಳ ಹಕ್ಕಿಗೆ ಧಕ್ಕೆಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1974ರಲ್ಲಿ ಎತ್ತಿಹಿಡಿಯಿತು. 2023ರ ಜನವರಿ 10ರಂದು ಚಂಡೀಗಢದ ಹಳೆಯ ಸೆಕ್ಟರುಗಳ ಮನೆಗಳನ್ನು ಅಪಾರ್ಟ್‌ಮೆಂಟುಗಳಾಗಿ ಒಡೆಯುವುದಕ್ಕೆ ತಡೆಹಾಕಿದಾಗ, ಅದೇ ನ್ಯಾಯಾಲಯ ಬೆಂಗಳೂರಿನ ದುಃಸ್ಥಿತಿಯನ್ನೇ ಎಚ್ಚರಿಕೆಯಾಗಿ ಉಲ್ಲೇಖಿಸಿತು. ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದಿದ್ದರೆ ತಡಮಾಡಬಾರದು. ನಾಲ್ಕನೆಯ ಮಹಡಿ ಎದ್ದ ಮೇಲೆ ತಡೆಯಾಜ್ಞೆ ಸಿಗುವುದು ಕಷ್ಟ.

ಎಲ್ಲವೂ ನಿಯಮಬದ್ಧವಾಗಿದ್ದರೆ ಕಟ್ಟುವುದು ಮಾಲೀಕರ ಹಕ್ಕು. ಆಗ ಕೆಲಸದ ಹೊತ್ತು, ಮರಗಳ ಉಳಿವು, ಮುಂಭಾಗದ ಕಲ್ಲಿನ ಕಾಂಪೌಂಡು ಇವುಗಳ ಬಗ್ಗೆ ಮಾತಾಡಿ, ಒಪ್ಪಿಕೊಂಡದ್ದನ್ನು ಬರೆಯಿಸಿಕೊಳ್ಳಬಹುದು. ಬಡಾವಣೆಯನ್ನೇ ಪಾರಂಪರಿಕ ವಲಯವೆಂದು ಗುರುತಿಸಬೇಕೆಂಬ ಬೇಡಿಕೆಗೆ ಸರಿಯಾದ ಜಾಗ ನಗರದ ಮಹಾಯೋಜನೆ. ಅದರ ಕರಡು ಪ್ರಕಟವಾದಾಗ ಸಲಹೆ, ಆಕ್ಷೇಪಣೆಗಳಿಗೆ 60 ದಿನಗಳ ಗಡುವು ಇರುತ್ತದೆ. ಹಳೆಯ ಮನೆಗಳ ಪಟ್ಟಿ, ಫೋಟೊ, ರಸ್ತೆಗಳ ಅಳತೆ ಅಷ್ಟರಲ್ಲಿ ಸಂಘದ ಕಡತದಲ್ಲಿ ಸಿದ್ಧವಾಗಿರಬೇಕು.